ಓಟು ಮುಗೀತು, ಮುನಿಸು ಮುಗೀಲಿಲ್ಲ

ರಾಜಕೀಯದ ಕಾರಣಕ್ಕೆ ಮನೆಯಲ್ಲಿ, ಊರಲ್ಲಿ, ಗೆಳೆಯರ ಗುಂಪಿನಲ್ಲಿ ಮಾತು ಬಿಟ್ಟವರು ಬರೆಯಿರಿ ಎಂದು ಕೇಳಿದ್ದೆವು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರ ಪತ್ರಗಳಲ್ಲಿ ಏಳಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಗುರುತು ಸಿಗುವಂಥ ವಿವರ ತೆಗೆದಿದ್ದೇವೆ. ಯಾವ ಪಕ್ಷ ಸರಿ, ನೀವೇ ಹೇಳಿ ಎಂದವರೂ ಇದ್ದರು. ಅದಕ್ಕೆ ಈ ಅಂಕಣದಲ್ಲಿ ಜಾಗವಿಲ್ಲ.

ಪ್ರಶ್ನೆ: ಹೊಳೆನರಸೀಪುರ ತಾಲ್ಲೂಕಿನ ಹಳ್ಳಿ ನಮ್ಮದು. ಅಣ್ಣ ಒಂದು ಪಕ್ಷ, ನಾನು ಇನ್ನೊಂದು. 2023ರ ವಿಧಾನಸಭೆ ಚುನಾವಣೆ ದಿನ ಬೂತ್ ಹತ್ತಿರ ಮಾತಿಗೆ ಮಾತು ಬೆಳೆಯಿತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಬೋರ್‌ವೆಲ್ ಇಬ್ಬರಿಗೂ ಸೇರಿದ್ದು, ಮೋಟಾರ್ ಸರದಿಯನ್ನೂ ಹೆಂಗಸರ ಕೈಲಿ ಹೇಳಿಕಳಿಸುತ್ತೇವೆ. ಅಮ್ಮನಿಗೆ ವಯಸ್ಸಾಗಿದೆ. ನಾನೇ ಮೊದಲು ಮಾತಾಡಿಸಿದರೆ ಸೋತ ಹಾಗೆ ಆಗುವುದಿಲ್ಲವೇ?

ಉತ್ತರ: ಸೋತ ಹಾಗೆ ಅನ್ನಿಸುವುದು ಜಗಳ ಆದ ಜಾಗದಿಂದ. ಎರಡೂ ಕಡೆಯ ಹುಡುಗರು ನಿಂತು ನೋಡುವಾಗ ಅಣ್ಣತಮ್ಮಂದಿರು ಕೂಗಾಡಿದರೆ, ಆಮೇಲೆ ಯಾರು ಮೊದಲು ಬಗ್ಗಿದರು ಎಂದು ಊರೇ ಲೆಕ್ಕ ಇಡುತ್ತದೆ. ಆದ್ದರಿಂದ ರಾಜಿಯೂ ಜನರ ಮುಂದೆ ಆಗಬಾರದು. ಅರಳಿಕಟ್ಟೆ, ಡೈರಿ, ಟೀ ಅಂಗಡಿ, ತಿಥಿ ಊಟದ ಮನೆ ಇವು ಯಾವುವೂ ಬೇಡ. ಸಂಜೆ ಒಂದು ಗುಟುಕು ಹಾಕಿದ ಮೇಲಂತೂ ಬೇಡವೇ ಬೇಡ.

ನಿಮ್ಮಿಬ್ಬರ ನಡುವೆ ಇರುವುದು ಸಿದ್ಧಾಂತದ ಬಿರುಕೇ ಎಂಬುದನ್ನೂ ನೋಡಿಕೊಳ್ಳಿ. 2018ರ ಮೇ ತಿಂಗಳಲ್ಲಿ ಕಾಂಗ್ರೆಸ್, ಜೆಡಿಎಸ್ ಸೇರಿ ಸರ್ಕಾರ ಮಾಡಿದವು. 2019ರ ಜುಲೈನಲ್ಲಿ ಅದು ಬಿತ್ತು. 2023ರ ಮೇನಲ್ಲಿ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಪಕ್ಷಗಳು ಎದುರುಬದುರು ನಿಂತವು. ಅದೇ ಸೆಪ್ಟೆಂಬರ್‌ನಲ್ಲಿ ಜೆಡಿಎಸ್, ಬಿಜೆಪಿ ನೇತೃತ್ವದ ಎನ್‌ಡಿಎ ಕೂಟ ಸೇರಿತು. ಐದಾರು ವರ್ಷದೊಳಗೆ ಹಾಸನ ಜಿಲ್ಲೆಯ ಕಾರ್ಯಕರ್ತರು ಎರಡು ಸಲ ಹಳೇ ಎದುರಾಳಿಗಳ ಜೊತೆ ನಿಂತು ಬ್ಯಾನರ್ ಕಟ್ಟಬೇಕಾಯಿತು. ನೀತಿ, ನಿಲುವು ಇಷ್ಟು ಬೇಗ ತಿರುಗುವುದಿಲ್ಲ. ತಿರುಗದೆ ಉಳಿಯುವುದು ‘ಅವರು ನಮ್ಮನ್ನು ಹಗುರವಾಗಿ ಕಂಡರು’ ಎಂಬ ಸಿಟ್ಟು. ಇದನ್ನು ಭಾವನಾತ್ಮಕ ಧ್ರುವೀಕರಣ ಎನ್ನುತ್ತಾರೆ. ರಾಜಕೀಯ ಶಾಸ್ತ್ರಜ್ಞ ಶಾಂತೋ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕದ ಸಮೀಕ್ಷೆಗಳನ್ನು ಹರವಿಕೊಂಡು ಇದನ್ನು ತೋರಿಸಿದರು. ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರ ಎಂದವರು 1960ರಲ್ಲಿ ನೂರಕ್ಕೆ ಐದರ ಆಸುಪಾಸು. 2010ರ ಹೊತ್ತಿಗೆ ಅಲ್ಲಿನ ಎರಡು ದೊಡ್ಡ ಪಕ್ಷಗಳ ಪೈಕಿ ರಿಪಬ್ಲಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದು ಪಾಲು ಜನ ಹಾಗೆಂದರು. ಈ ದ್ವೇಷಕ್ಕೂ ಅವರ ನೀತಿ ನಿಲುವುಗಳಿಗೂ ನಂಟು ತೀರಾ ತೆಳುವಾಗಿತ್ತು. ಒಂದು ಎಚ್ಚರ: ‘ನಿಮ್ಮ ನಾಯಕರೇ ಕೈಜೋಡಿಸಿದರಲ್ಲ’ ಎಂಬ ಮಾತು ನಿಮ್ಮ ತಿಳಿವಳಿಕೆಗೆ ಮಾತ್ರ ಇರಲಿ. ಅಣ್ಣನ ಮುಂದೆ ತೆಗೆದರೆ ಅದು ಹಂಗಿಸಿದಂತೆಯೇ.

ಶುರು ಮಾಡಲು ಮೋಟಾರ್ ಮನೆಗಿಂತ ಒಳ್ಳೇ ಜಾಗ ಇಲ್ಲ. ಬೆಳಗಿನ ಹೊತ್ತು, ಇಬ್ಬರೇ ಇರಬೇಕು, ಕೈಗೆ ಕೆಲಸ ಇರಬೇಕು. ಮೊದಲ ಮಾತು ಕೆಲಸದ್ದೇ ಆಗಿರಲಿ: ‘ಅಣ್ಣ, ಸ್ಟಾರ್ಟರ್ ಮೇಲಿಂದ ಮೇಲೆ ಟ್ರಿಪ್ ಆಗ್ತೈತೆ. ರಿಲೇನೋ ಕೇಬಲ್ಲೋ ಗೊತ್ತಾಗ್ತಿಲ್ಲ. ಒಂದ್ಸಲ ಬಂದು ನೋಡ್ತೀಯಾ?’ ನಿಜವಾಗಿ ಕೆಟ್ಟಿರುವುದನ್ನೇ ಕೇಳಿ. ಇಲ್ಲದ ರಿಪೇರಿ ಹುಟ್ಟಿಸಿದರೆ ಅಣ್ಣನಿಗೆ ಗೊತ್ತಾಗದೆ ಇರುವುದಿಲ್ಲ. ‘ಆದದ್ದೆಲ್ಲ ಮರೆತುಬಿಡೋಣ’ ಎಂದು ಶುರು ಮಾಡಬೇಡಿ. ಏನನ್ನು ಮರೆಯಬೇಕು, ಯಾರು ಮರೆಯಬೇಕು ಎಂಬ ಲೆಕ್ಕ ಅಲ್ಲಿಂದಲೇ ತೆರೆದುಕೊಳ್ಳುತ್ತದೆ.

ಹೀಗೆ ಮೂರ್ನಾಲ್ಕು ಸಲ ಕೆಲಸದ ಮಾತು ಆದ ಮೇಲೆ ಅವತ್ತಿನ ವಿಷಯಕ್ಕೆ ಬನ್ನಿ. ಕ್ಷಮೆ ಕೇಳುವುದಿದ್ದರೆ ನಡವಳಿಕೆಗೆ ಕೇಳಿ, ಅಭಿಪ್ರಾಯಕ್ಕೆ ಬೇಡ: ‘ಅವತ್ತು ಎಲ್ಲರ ಮುಂದೆ ಹಂಗೆ ಕೂಗಿದ್ದು ನಂದು ತಪ್ಪು.’ ಅಷ್ಟಕ್ಕೆ ನಿಲ್ಲಿಸಿ. ‘ಆದ್ರೆ ನೀನೂ...’ ಎಂದು ಬಾಯಿಬಿಟ್ಟರೆ ಹಿಂದಿನ ವಾಕ್ಯ ಹೇಳದಿದ್ದಂತೆಯೇ ಲೆಕ್ಕ. ಅಣ್ಣ ತಾನೇ ರಾಜಕೀಯ ತೆಗೆದರೆ ‘ಯಾಕಂಗೆ ಅಂತೀಯ’ ಎನ್ನಬೇಡಿ, ಅದು ಜವಾಬು ಕೇಳಿದ ಹಾಗಿರುತ್ತದೆ. ‘ನಿಂಗೆ ಅದರಲ್ಲಿ ಯಾವುದು ಮುಖ್ಯ ಅನ್ನಿಸ್ತು?’ ಎಂದು ಕೇಳಿ, ಪೂರ್ತಿ ಹೇಳಲು ಬಿಡಿ. ಬ್ರೂಕ್‌ಮನ್ ಮತ್ತು ಕಲ್ಲಾ ಎಂಬ ಸಂಶೋಧಕರು ಮಯಾಮಿಯಲ್ಲಿ ಮನೆಬಾಗಿಲಲ್ಲಿ ನಡೆದ ಸುಮಾರು ಹತ್ತು ನಿಮಿಷದ ಮಾತುಕತೆಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ವಾದ ಮಾಡದೆ, ಎದುರಿನವರಿಗೆ ಅವರದೇ ಅನುಭವ ನೆನಪಿಸಿಕೊಳ್ಳಲು ಬಿಟ್ಟಾಗ ಆದ ಬದಲಾವಣೆ ಮೂರು ತಿಂಗಳಾದರೂ ಉಳಿದಿತ್ತು. ಅಲ್ಲಿನ ವಿಷಯ ಲಿಂಗತ್ವ ಅಲ್ಪಸಂಖ್ಯಾತರ ಮೇಲಿನ ಪೂರ್ವಗ್ರಹ, ಪಕ್ಷನಿಷ್ಠೆಯಲ್ಲ. ಹಾಗಾಗಿ ಅಣ್ಣನ ಓಟು ತಿರುಗುತ್ತದೆ ಎಂದು ಕಾಯಬೇಡಿ. ಮಾತು ಉಳಿದರೆ ಸಾಕು.

ಮಧ್ಯಸ್ಥರು ಬೇಕೇಬೇಕು ಎನ್ನಿಸಿದರೆ ಸೋದರಮಾವ ಆಗಬಹುದು, ಪಂಚಾಯಿತಿ ಮೆಂಬರ್ ಬೇಡ. ಮೋಟಾರ್ ಸರದಿಯನ್ನು ಹೆಂಗಸರ ಬಾಯಿಂದ ತೆಗೆದು ಕಾಗದಕ್ಕೆ ಹಾಕಿ. ತ್ರೀಫೇಸ್ ಪಾಳಿಗೆ ತಕ್ಕಂತೆ ವಾರ, ಹೊತ್ತು ಬರೆದು ಮೋಟಾರ್ ಮನೆ ಬಾಗಿಲ ಒಳಗಡೆ ಅಂಟಿಸಿ. ‘ಬೆಳಗ್ಗೆ ಬಿಡಲಿ ಅಂದರು’ ಎಂಬ ಮಾತು ಎರಡು ಅಡುಗೆಮನೆ ದಾಟುವಷ್ಟರಲ್ಲಿ ಏನೇನಾಗುತ್ತದೋ ನಿಮಗೆ ನಾವು ಹೇಳಬೇಕಾಗಿಲ್ಲ.

ಪ್ರಶ್ನೆ: ಅರಸೀಕೆರೆ ಕಡೆಗೆ ಮದುವೆಯಾಗಿ ಬಂದಿದ್ದೇನೆ. ‘ನಮ್ಮನೆ ಎಂಟು ಓಟೂ ಒಂದೇ ಕಡೆ’ ಎನ್ನುತ್ತಾರೆ ಮಾವ. ಕಳೆದ ಸಲ ದೇವರ ಫೋಟೋ ಮುಟ್ಟಿ ಆಣೆ ಮಾಡು ಎಂದರು. ನನಗೆ ನನ್ನದೇ ಅಭಿಪ್ರಾಯ ಇದೆ. ಜಗಳವೂ ಬೇಡ, ಸುಳ್ಳೂ ಬೇಡ.

ಉತ್ತರ: ಕಾನೂನು ನಿಮ್ಮ ಕಡೆ ಇದೆ. ಯಾರಿಗೆ ಓಟು ಹಾಕಿದೆ ಎಂದು ಯಾವ ವ್ಯಕ್ತಿಯನ್ನೂ ಹೇಳುವಂತೆ ಒತ್ತಾಯಿಸುವಂತಿಲ್ಲ ಎನ್ನುತ್ತದೆ 1951ರ ಜನಪ್ರಾತಿನಿಧ್ಯ ಕಾಯ್ದೆಯ 94ನೇ ಕಲಂ. ದೇವರ ಕೋಪಕ್ಕೆ ಗುರಿಯಾಗುತ್ತೀಯ ಎಂದು ನಂಬಿಸಿ ಓಟು ಪಡೆಯಲು ಅಭ್ಯರ್ಥಿಯೋ ಅವರ ಒಪ್ಪಿಗೆಯಿಂದ ಬೇರೆಯವರೋ ಯತ್ನಿಸಿದರೆ, ಅದೇ ಕಾಯ್ದೆಯ 123ನೇ ಕಲಮಿನ ಪ್ರಕಾರ ಅದು ಭ್ರಷ್ಟಾಚಾರ. ಹಾಗಂತ ಮಾವನ ಮುಂದೆ ಕಲಂ ಓದಬೇಡಿ.

ಮಾವನ ಹೆದರಿಕೆ ಎಲ್ಲಿಂದ ಬಂತು ಎಂದು ತಿಳಿದರೆ ಮಾತಾಡುವುದು ಸುಲಭ. ಓಟು ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದಲ್ಲಿ ಚೀಟಿ ಏಳು ಸೆಕೆಂಡ್ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ನಿಮ್ಮೊಬ್ಬರ ಓಟು ಯಾರಿಗೂ ತಿಳಿಯುವುದಿಲ್ಲ. ಆದರೆ ಎಣಿಕೆಯ ಅಂಕಿ ಬೂತ್‌ವಾರು ಹೊರಬರುತ್ತದೆ. ಒಂದು ಬೂತ್ ಎಂದರೆ ಸಾವಿರ ಚಿಲ್ಲರೆ ಮತದಾರರು, ಹಳ್ಳಿ ಕಡೆ ಒಂದೋ ಎರಡೋ ಊರು. ಯಾವ ಊರು ಎತ್ತ ಹೋಯಿತು ಎಂದು ಫಲಿತಾಂಶದ ಸಂಜೆಯೇ ಮುಖಂಡರಿಗೆ ಗೊತ್ತು. ಹಲವು ಬೂತ್‌ಗಳ ಓಟನ್ನು ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರ ಬೇಕೆಂದು ಚುನಾವಣಾ ಆಯೋಗ ಹೇಳಿತ್ತು, 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಹಾಗಾಗಿ ‘ನಿಮ್ಮೂರಲ್ಲಿ ನಮಗೆ ಓಟು ಕಡಿಮೆ ಬಿತ್ತು, ರಸ್ತೆ ಯಾಕೆ ಕೇಳ್ತೀರಿ’ ಎಂಬ ಮಾತನ್ನು ನಿಮ್ಮ ಮಾವ ಎಲ್ಲೋ ಕೇಳಿಸಿಕೊಂಡೇ ಇರುತ್ತಾರೆ.

ನೀವು ಹೇಳಬಹುದಾದದ್ದು: ‘ಮಾವ, ಓಟಿನ ವಿಷಯ ನಾನು ಯಾರ ಹತ್ರಾನೂ ಹೇಳೋದಿಲ್ಲ. ನಮ್ಮಪ್ಪನಿಗೂ ಹೇಳಿಲ್ಲ.’ ಎಲ್ಲರಿಗೂ ಒಂದೇ ನಿಯಮ ಎಂದಾಗ ಅದು ಅವರಿಗೆ ಮಾಡಿದ ಅವಮಾನ ಆಗುವುದಿಲ್ಲ. ಗಂಡನಿಗೆ ಹೇಳಿ ಮಾವನಿಗೆ ಮುಚ್ಚಿಟ್ಟರೆ ಈ ಮಾತು ನಿಲ್ಲುವುದಿಲ್ಲ. ಆಣೆಯ ಮಾತು ಬಂದರೆ ‘ದೇವರ ಹೆಸರು ಇದಕ್ಕೆ ತರೋದು ನಂಗೆ ಭಯ ಮಾವ’ ಎಂದು ಹೇಳಿ ಒಳಗೆ ಹೋಗಿಬಿಡಿ. ಈ ಮಾತನ್ನು ಚುನಾವಣೆ ಘೋಷಣೆಯಾಗುವ ಮುಂಚೆಯೇ ಆಡಿ ಮುಗಿಸುವುದು ಒಳ್ಳೆಯದು. ಪ್ರಚಾರದ ದಿನಗಳಲ್ಲಿ ಮನೆಗೆ ಬರುವವರ ಮುಂದೆ ಮಾವನಿಗೆ ಮೆತ್ತಗಾಗಲು ಆಗುವುದಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಿವೃತ್ತ ಜೀವನ. ನಮ್ಮ ಕುಲಬಾಂಧವರ ವಾಟ್ಸ್ಯಾಪ್ ಗುಂಪಿಗೆ ನಾನೇ ಅಡ್ಮಿನ್, ಇನ್ನೂರು ದಾಟಿದ ಸದಸ್ಯರು. ದಿನವೂ ರಾಜಕೀಯದ ಪೋಸ್ಟು, ಬೈಗುಳ, ‘ಲೆಫ್ಟ್’ ಆಗುವುದು, ಮತ್ತೆ ಸೇರಿಸಿ ಎಂದು ಫೋನು. ಎರಡೂ ಕಡೆಯವರು ಸಮನಾಗಿ ಹಾಕಲಿ ಎಂದು ಬಿಟ್ಟೆ, ಇನ್ನೂ ಕೆಟ್ಟಿತು. ಯಾರಾದರೂ ಏನಾದರೂ ಹಾಕಿದರೆ ನನ್ನ ಮೇಲೆ ಕೇಸು ಬೀಳುತ್ತದೆಯೇ?

ಉತ್ತರ: ಸಮನಾಗಿ ಬಿಟ್ಟರೆ ಕೆಡುವುದಕ್ಕೆ ಕಾರಣವಿದೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ರಿಸ್ ಬೇಲ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಅಮೆರಿಕದಲ್ಲಿ ಟ್ವಿಟರ್ ಬಳಸುವವರಿಗೆ ಒಂದು ತಿಂಗಳು ಎದುರು ಪಕ್ಷದ ಪೋಸ್ಟುಗಳನ್ನು ತೋರಿಸಿ ನೋಡಿದರು. ರಿಪಬ್ಲಿಕನ್ನರು ಮೆತ್ತಗಾಗುವುದಿರಲಿ, ತಮ್ಮ ನಿಲುವಿನಲ್ಲಿ ಇನ್ನಷ್ಟು ಬಿಗಿಯಾದರು. ಪರಿಚಯವಿಲ್ಲದ ದನಿಯಲ್ಲಿ, ಚುಚ್ಚುವ ಭಾಷೆಯಲ್ಲಿ ಬಂದದ್ದನ್ನು ಯಾರೂ ವಿಚಾರ ಎಂದು ಓದುವುದಿಲ್ಲ, ದಾಳಿ ಎಂದೇ ಓದುತ್ತಾರೆ.

ಮೊದಲು ಹಿಂದಿನ ಒಂದು ತಿಂಗಳ ಪೋಸ್ಟುಗಳನ್ನು ಮೇಲಕ್ಕೆ ಸರಿಸುತ್ತಾ, ರಾಜಕೀಯ ಹಾಕಿದವರ ಹೆಸರು ಚೀಟಿಯಲ್ಲಿ ಬರೆದುಕೊಳ್ಳಿ. ಇನ್ನೂರು ಜನರ ಗುಂಪಿನಲ್ಲಿ ಆ ಪಟ್ಟಿ ಬಹುಮಟ್ಟಿಗೆ ಬೆರಳೆಣಿಕೆಗೆ ನಿಲ್ಲುತ್ತದೆ. ಉಳಿದವರು ಬಾಯಿಮುಚ್ಚಿಕೊಂಡು ಓದುತ್ತಾರೆ, ಆ ಏಳೆಂಟು ಜನರೇ ‘ಆ ಕಡೆಯವರೆಲ್ಲ’ ಎಂದು ಭಾವಿಸುತ್ತಾರೆ. ಮೋರ್ ಇನ್ ಕಾಮನ್ ಎಂಬ ಸಂಸ್ಥೆ ಅಮೆರಿಕದಲ್ಲಿ ಅಳೆದು 2019ರಲ್ಲಿ ಪ್ರಕಟಿಸಿದ್ದು ಇದನ್ನೇ. ಎದುರು ಪಕ್ಷದಲ್ಲಿ ತೀವ್ರ ನಿಲುವಿನವರು ನೂರಕ್ಕೆ 55 ಎಂದು ಜನ ಅಂದಾಜಿಸಿದರು, ನಿಜಕ್ಕೂ ಇದ್ದದ್ದು ಸುಮಾರು 30.

ಆಮೇಲೆ ಅಡ್ಮಿನ್‌ಗಳನ್ನು ಮೂವರನ್ನಾಗಿ ಮಾಡಿ. ಇಬ್ಬರು ಎರಡು ಕಡೆಗೆ ಒಲವಿರುವವರು, ಒಬ್ಬರು ಯಾವುದಕ್ಕೂ ತಲೆಕೆಡಿಸಿಕೊಳ್ಳದವರು. ಒಬ್ಬರೇ ಅಡ್ಮಿನ್ ಆಗಿ ಪೋಸ್ಟ್ ಅಳಿಸಿದರೆ ಪಕ್ಷಪಾತದ ಮಾತು ಬರುತ್ತದೆ. ಎದುರು ಪಕ್ಷದ ಪೋಸ್ಟ್ ಅಳಿಸುವ ಕೆಲಸ ನಿಮ್ಮದಲ್ಲ, ತಮ್ಮ ಕಡೆಯವರದನ್ನು ತಾವೇ ಅಳಿಸಬೇಕು ಎಂದು ಮೂವರೂ ಮಾತಾಡಿಕೊಳ್ಳಿ. ಈ ಒಂದು ಏರ್ಪಾಡು ಉಳಿದೆಲ್ಲ ನಿಯಮಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನಿಯಮದ ಸಂದೇಶ ಚಿಕ್ಕದಿರಲಿ, ಪಿನ್ ಮಾಡಿಡಿ: ‘ಈ ಗುಂಪು ಮದುವೆ, ತಿಥಿ, ಹುಷಾರಿಲ್ಲದವರ ಸುದ್ದಿ, ಊರ ಹಬ್ಬಕ್ಕೆ. ಯಾವ ಪಕ್ಷದ್ದೇ ಆಗಲಿ ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ಹಾಕಿದರೆ ಅಡ್ಮಿನ್ ಅಳಿಸುತ್ತಾರೆ, ಬೇಜಾರ್ ಮಾಡ್ಕೋಬೇಡಿ.’ ಇದು ಮುರಿಯುವುದು ಎರಡು ಕಡೆ. ಒಂದು, ಮುಖಂಡರ ಫೋಟೋ ಇರುವ ಹಬ್ಬದ ಶುಭಾಶಯ. ‘ಶುಭಾಶಯಕ್ಕೂ ಬೇಡ ಅಂತೀರಾ’ ಎಂದು ಕೇಳುತ್ತಾರೆ. ಫೋಟೋ ಇಲ್ಲದ ಶುಭಾಶಯ ಹಾಕಿ ಎಂದು ಮೊದಲೇ ಬರೆದಿಡಿ. ಇನ್ನೊಂದು, ದೇಶಭಕ್ತಿ, ಧರ್ಮ, ಭಾಷೆ ಎಂಬ ಅಂಗಿ ತೊಟ್ಟು ಬರುವ ರಾಜಕೀಯ. ಅದಕ್ಕೆ ಒಂದೇ ಪರೀಕ್ಷೆ: ಓದಿದ ಮೇಲೆ ಗುಂಪಿನಲ್ಲೇ ಇರುವ ಯಾರಿಗೋ ಮುಖಕ್ಕೆ ಹೊಡೆದಂತೆ ಆಗುತ್ತದೆಯೇ? ಆದರೆ ತೆಗೆಯಿರಿ. ಫಾರ್ವರ್ಡ್ ಆದ ಪೋಸ್ಟಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಐದು ಕೈಯಾದರೂ ದಾಟಿ ಬಂದದ್ದು. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ವಾಟ್ಸ್ಯಾಪ್ ಬಿಡುವುದು 2020ರಿಂದ. ಆ ಗುರುತಿನದ್ದನ್ನು ವಿಷಯ ನೋಡದೆ ಅಳಿಸುವ ನಿಯಮ ಮಾಡಿದರೆ ವಾದಕ್ಕೇ ಜಾಗವಿಲ್ಲ.

ತಪ್ಪಿದವರಿಗೆ ಗುಂಪಿನಲ್ಲಿ ಬುದ್ಧಿ ಹೇಳಬೇಡಿ. ಅಳಿಸಿ, ಫೋನ್ ಮಾಡಿ. ಟೈಪ್ ಮಾಡಿದ ಬುದ್ಧಿಮಾತಿಗೆ ಸ್ಕ್ರೀನ್‌ಶಾಟ್ ಆಗುವ ಗುಣವಿದೆ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಗಳಿಂದ ಎಣಿಕೆಯ ಮಾರನೇ ದಿನದವರೆಗೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ. ಸಾವಿನ ಸುದ್ದಿ ಇದ್ದರೆ ನಿಮಗೆ ಕಳಿಸಲಿ, ನೀವು ಹಾಕಿ. ಫಲಿತಾಂಶದ ಸಂಜೆಯ ಒಂದು ‘ಹ್ಹಹ್ಹಹ್ಹಾ’ ಎರಡು ವರ್ಷ ಉಳಿಯುತ್ತದೆ.

ಕೇಸಿನ ಬಗ್ಗೆ: ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಕಿದವರ ಹೊಣೆ ಬೇರೆ. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಇದೆ. ಅಂಥದ್ದು ಬಂದರೆ ‘ಎಲ್ಲರಿಗೂ ಅಳಿಸು’ ಎಂಬುದನ್ನು ಕೂಡಲೇ ಒತ್ತಿ. ಅಡ್ಮಿನ್‌ಗೆ ಆ ಅಧಿಕಾರ ಇದೆ.

ಪ್ರಶ್ನೆ: ಕಡೂರಿನಲ್ಲಿ ಶಿಕ್ಷಕಿ. ಸುಳ್ಳು ಸುದ್ದಿ ಎಂದು ಪುರಾವೆ ತೋರಿಸಿದರೆ ನಮ್ಮ ಸ್ಟಾಫ್ ರೂಮಿನವರು ಇನ್ನೂ ಹಟ ಹಿಡಿಯುತ್ತಾರೆ. ಸತ್ಯ ಹೇಳುವುದೇ ದಂಡವೇ?

ಉತ್ತರ: ದಂಡವಲ್ಲ, ಆದರೆ ಅದರಿಂದ ಬಯಸುವುದು ಜಾಸ್ತಿಯಾಗಿದೆ. ಪುರಾವೆ ತೋರಿಸಿದರೆ ಜನ ತಿರುಗಿಬೀಳುತ್ತಾರೆ ಎಂಬ ಮಾತು 2010ರ ಒಂದು ಸಂಶೋಧನೆಯಿಂದ ಹಬ್ಬಿತು. ಆಮೇಲೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಅದು ಅಪರೂಪಕ್ಕೆ ಆಗುವಂಥದ್ದು ಎಂದು ಕಂಡಿತು. ಅಮೆರಿಕದ 2016ರ ಚುನಾವಣೆ ವೇಳೆ ನೈಹಾನ್ ಎಂಬ ಸಂಶೋಧಕರು ಮತ್ತು ಸಂಗಡಿಗರು ನೋಡಿದ್ದು ಇನ್ನೂ ಕುತೂಹಲದ್ದು. ತಿದ್ದುಪಡಿ ಓದಿದ ಬೆಂಬಲಿಗರು ತಮ್ಮ ಅಭ್ಯರ್ಥಿ ಹೇಳಿದ ಅಂಕಿ ತಪ್ಪು ಎಂದು ಒಪ್ಪಿಕೊಂಡರು, ಅಭ್ಯರ್ಥಿಯ ಮೇಲಿನ ಒಲವು ಮಾತ್ರ ಇದ್ದ ಹಾಗೇ ಇತ್ತು. ನಿಮ್ಮ ಸಹೋದ್ಯೋಗಿ ‘ಸರಿ, ಆ ಫೋಟೋ ಹಳೇದು’ ಎಂದರೆ ಅಲ್ಲಿಗೆ ಬಿಡಿ. ‘ಹಾಗಾದ್ರೆ ಈಗ ಏನಂತೀರಿ?’ ಎಂದು ಮುಂದಿನ ಹೆಜ್ಜೆ ಕೇಳಿದಾಗಲೇ ಹಟ ಶುರು. ಎಂಟು ಜನರ ಮುಂದೆ ಬೇಡ, ಬೆಲ್ ಹೊಡೆದು ತರಗತಿಗೆ ಹೋಗುವ ದಾರಿಯಲ್ಲಿ ಒಬ್ಬರಿಗೇ ತೋರಿಸಿ. ಅವರು ನಂಬುವ ಪತ್ರಿಕೆಯ ವರದಿ ಇದ್ದರೆ ಅದನ್ನೇ ತೋರಿಸಿ, ನಿಮಗಿಷ್ಟದ್ದನ್ನಲ್ಲ.

ಪ್ರಶ್ನೆ: ಮೂಡಿಗೆರೆ ತಾಲ್ಲೂಕು. ನಮ್ಮ ಯುವಕ ಸಂಘದಿಂದ ಟೆನಿಸ್ ಬಾಲ್ ಟೂರ್ನಮೆಂಟ್ ಮಾಡುತ್ತೇವೆ, ಎಂಟು ತಂಡ. ಊರನ್ನು ಒಂದು ಮಾಡಲೆಂದು ಶುರು ಮಾಡಿದ್ದು. ಈಗ ಒಂದೊಂದು ತಂಡವೂ ಒಂದೊಂದು ಪಕ್ಷದ, ಒಂದೊಂದು ಕೇರಿಯ ತಂಡ ಆಗಿದೆ. ಹೋದ ವರ್ಷ ಫೈನಲ್‌ನಲ್ಲಿ ಹೊಡೆದಾಟ ಆಯಿತು.

ಉತ್ತರ: ನಿಮ್ಮ ಪ್ರಶ್ನೆಗೆ ನಮ್ಮ ದೇಶದಲ್ಲೇ ನಡೆದ ಉತ್ತರ ಇದೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಇಟ್ಟುಕೊಂಡು ತಿಂಗಳ ಅವಧಿಯ ಕ್ರಿಕೆಟ್ ಲೀಗ್ ನಡೆಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ತಂಡದಲ್ಲಿ ಬೆರೆತು ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಿತು, ಸ್ವಜಾತಿಯವರಿಗೆ ಒಲಿಯುವುದು ಕಡಿಮೆಯಾಯಿತು. ಎದುರಾಳಿಗಳಾಗಿ ಮಾತ್ರ ಸಿಕ್ಕವರಲ್ಲಿ ಒಟ್ಟಾರೆ ಉಲ್ಟಾ ಹೊಡೆಯಿತು. ಆಟ ಒಂದೇ, ಮೈದಾನ ಒಂದೇ. ಎಲ್ಲವೂ ತಂಡ ಕಟ್ಟುವ ಕ್ರಮದಲ್ಲಿತ್ತು. ಕೇರಿಗೊಂದು ತಂಡ ಮಾಡಿ ಒಗ್ಗಟ್ಟು ಬರಲಿ ಎಂದರೆ ಬರುವುದಿಲ್ಲ.

ತಂಡ ಬಂದು ಹೆಸರು ಕೊಡುವ ಪದ್ಧತಿ ನಿಲ್ಲಿಸಿ, ಆಟಗಾರರು ಒಬ್ಬೊಬ್ಬರೇ ಹೆಸರು ಕೊಡಲಿ. ಎಂಟು ತಂಡಕ್ಕೆ ತಲಾ 14 ಎಂದರೆ 112 ಜನ. ಬ್ಯಾಟ್ಸ್‌ಮನ್, ಬೌಲರ್, ಆಲ್‌ರೌಂಡರ್, ಕೀಪರ್ ಎಂದು ನಾಲ್ಕು ಡಬ್ಬಿ ಮಾಡಿ, ಎಲ್ಲರೂ ನೋಡುವ ಹಾಗೆ ಚೀಟಿ ಎತ್ತಿ. ಬರೀ ಚೀಟಿ ಎತ್ತಿದರೆ ಒಂದೇ ತಂಡಕ್ಕೆ ಆರು ಬೌಲರ್ ಬಿದ್ದು ಟೂರ್ನಮೆಂಟೇ ಸಪ್ಪೆಯಾಗುತ್ತದೆ, ಡಬ್ಬಿ ಬೇರೆ ಇಡುವುದು ಅದಕ್ಕೆ. ಒಂದು ಕೇರಿಯವರು ಒಂದು ತಂಡದಲ್ಲಿ ನಾಲ್ಕಕ್ಕಿಂತ ಹೆಚ್ಚು ಬಿದ್ದರೆ ಐದನೇ ಚೀಟಿ ಮುಂದಿನ ತಂಡಕ್ಕೆ. ಕ್ಯಾಪ್ಟನ್, ವೈಸ್ ಕ್ಯಾಪ್ಟನ್ ಬೇರೆ ಬೇರೆ ಕೇರಿಯವರಾಗಿರಲಿ. ‘ಗೆಳೆಯರ ಜೊತೆ ಬಿಟ್ಟರೆ ಆಡಲ್ಲ’ ಎನ್ನುವವರು ಇರುತ್ತಾರೆ. ಜೋಡಿಯಾಗಿ ಹೆಸರು ಕೊಡಲು ಬಿಡಿ, ಮೂವರಾದರೆ ಬೇಡ. ತಂಡ ಕಟ್ಟಿದ ಮೇಲೆ ಮೂರು ವಾರವಾದರೂ ಒಟ್ಟಿಗೆ ಪ್ರಾಕ್ಟೀಸ್ ಆಗಬೇಕು. ಭಾನುವಾರ ಮುಖ ನೋಡಿ ಭಾನುವಾರವೇ ಆಡಿಸಿದರೆ ಏನೂ ಆಗುವುದಿಲ್ಲ.

ಜೆರ್ಸಿ ಮೇಲೆ ಮುಖಂಡರ ಫೋಟೋ ಹಾಕಿಸುವ ಪ್ರಾಯೋಜಕರ ದುಡ್ಡು ಬೇಡ. ಕಪ್ಪು ಚಿಕ್ಕದಾದರೂ ಅಡ್ಡಿಯಿಲ್ಲ. ಅಂಪೈರ್‌ಗಳು ಬೇರೆ ಹೋಬಳಿಯವರು. ಸಮಾರೋಪಕ್ಕೆ ಕರೆದರೆ ಎಲ್ಲ ಪಕ್ಷದವರನ್ನೂ ಕರೆಯಿರಿ, ಇಲ್ಲವಾದರೆ ಯಾರನ್ನೂ ಬೇಡ.

ಇದರ ಮಿತಿಯೂ ಗೊತ್ತಿರಲಿ. ಇರಾಕಿನಲ್ಲಿ ಸಂಶೋಧಕಿ ಸಲ್ಮಾ ಮೂಸಾ ಅವರು ಕ್ರೈಸ್ತರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ 2020ರಲ್ಲಿ ಬರೆದಂತೆ, ಆರು ತಿಂಗಳಾದರೂ ಹುಡುಗರು ಜೊತೆಗೇ ಪ್ರಾಕ್ಟೀಸ್ ಮಾಡುತ್ತಿದ್ದರು. ಆದರೆ ಮೈದಾನದಾಚೆಯ ಅಪರಿಚಿತರ ಜೊತೆಗಿನ ನಡವಳಿಕೆ ಅಷ್ಟಾಗಿ ಬದಲಾಗಲಿಲ್ಲ. ನಿಮ್ಮಲ್ಲಿ ಅದನ್ನು ಆಚೆಗೆ ಒಯ್ಯಲು ದಾರಿ ಇದೆ. ಕಾಡಾನೆ ಓಡಾಟದ ಸುದ್ದಿ ಮುಟ್ಟಿಸಲು ಹೇಗೂ ಹುಡುಗರು ಬೇಕು. ಅದೇ ಬೆರೆತ ತಂಡಗಳಿಗೆ ಒಂದೊಂದು ಎಸ್ಟೇಟ್ ರಸ್ತೆ, ತೋಟದ ಕೆಲಸಗಾರರ ಒಂದೊಂದು ಲೈನ್‌ಮನೆ ಸಾಲು ವಹಿಸಿ. ಬೆಳಗ್ಗೆ ಆರಕ್ಕೆ ಕೆಲಸದವರು ತೋಟಕ್ಕೆ ಇಳಿಯುವ ಮುಂಚೆ ಯಾವ ಕಡೆ ಆನೆ ಇದೆ ಎಂದು ತಿಳಿಸಬೇಕಾದಾಗ ಎದುರು ಕೇರಿಯವನಿಗೂ ಫೋನ್ ಮಾಡಲೇಬೇಕಾಗುತ್ತದೆ. ಆನೆ ಓಡಿಸುವ ಕೆಲಸಕ್ಕೆ ಮಾತ್ರ ಇಳಿಸಬೇಡಿ, ಅದು ಅರಣ್ಯ ಇಲಾಖೆಯವರದ್ದು.

ಪ್ರಶ್ನೆ: ಚಿಕ್ಕಮಗಳೂರು ಪೇಟೆಯಲ್ಲಿ ಅಂಗಡಿ. ಡಿಸೆಂಬರ್ ಬಂತೆಂದರೆ ದತ್ತಪೀಠ, ಬಾಬಾಬುಡನ್‌ಗಿರಿ ವಿಷಯದ ಬಿಸಿ. ಶಾಂತಿ ಸಭೆಗೆ ಕರೆಯುತ್ತಾರೆ, ಹೋಗುತ್ತೇವೆ, ಟೀ ಕುಡಿದು ಬರುತ್ತೇವೆ. ಇದರಿಂದ ಉಪಯೋಗ ಉಂಟೇ?

ಉತ್ತರ: ಗಿರಿಯ ಮೇಲಿನ ಹಕ್ಕಿನ ಪ್ರಶ್ನೆ ಸರ್ಕಾರ, ನ್ಯಾಯಾಲಯಗಳ ಅಂಗಳದ್ದು. ಅದನ್ನು ಪೇಟೆಯವರು ಬಗೆಹರಿಸಬೇಕಿಲ್ಲ. ಅದರ ಬಿಸಿ ಅಂಗಡಿ ಸಾಲಿಗೆ ಇಳಿಯದಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೆಲಸ.

ರಾಜಕೀಯ ಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಅವರು ಹಿಂದೂ–ಮುಸ್ಲಿಂ ಗಲಭೆ ಹೆಚ್ಚಿದ್ದ ಊರಿಗೆ ಶಾಂತವಾಗಿದ್ದ ಊರನ್ನು ಜೋಡಿಸಿ, ಅಲಿಗಢ–ಕಲ್ಲಿಕೋಟೆ, ಹೈದರಾಬಾದ್–ಲಖನೌ, ಅಹಮದಾಬಾದ್–ಸೂರತ್ ಎಂದು ಆರು ನಗರಗಳನ್ನು ಅಭ್ಯಾಸ ಮಾಡಿ 2002ರಲ್ಲಿ ಪ್ರಕಟಿಸಿದರು. ಹಳ್ಳಿಯಲ್ಲಿ ದಿನದ ಒಡನಾಟ ಸಾಕಾಗಬಹುದು. ಪೇಟೆಯಲ್ಲಿ ಅದು ಸಾಲದು, ಎರಡೂ ಸಮುದಾಯದವರು ಸದಸ್ಯರಾಗಿರುವ ವ್ಯಾಪಾರಿ ಸಂಘ, ವೃತ್ತಿ ಸಂಘ, ಕಾರ್ಮಿಕ ಸಂಘಗಳಿದ್ದಲ್ಲಿ ಗಾಳಿಸುದ್ದಿ ಬೆಂಕಿಯಾಗುವುದಿಲ್ಲ ಎಂಬುದು ಅವರು ಕಂಡದ್ದು. ಒಟ್ಟಿಗೆ ದುಡ್ಡು ಕಾಸಿನ ವ್ಯವಹಾರ ಇರುವವರಿಗೆ ಗಲಾಟೆಯಿಂದ ಆಗುವ ನಷ್ಟ ಗೊತ್ತು. ಮೂರು ದಿನ ಮುಂಚೆ ಕರೆದ ಸಭೆಗೆ ಈ ಗುಣ ಬರುವುದಿಲ್ಲ, ಅಲ್ಲಿ ಮುಖಂಡರು ಮುಖಂಡರ ಜೊತೆ ಕೂರುತ್ತಾರೆ.

ಆದ್ದರಿಂದ ಜೂನ್‌ನಲ್ಲೇ ಶುರು ಮಾಡಿ. ನಿಮ್ಮ ರಸ್ತೆಯ ಹತ್ತು ಹನ್ನೆರಡು ಅಂಗಡಿಯವರು, ಆಟೋ ಸ್ಟ್ಯಾಂಡಿನ ಇಬ್ಬರು, ಕಾಫಿ ಕ್ಯೂರಿಂಗ್ ಕೆಲಸಗಾರರಲ್ಲಿ ಒಬ್ಬಿಬ್ಬರು. ಭಾಷಣ ಮಾಡುವವರು ಬೇಡ. ತಿಂಗಳಿಗೊಮ್ಮೆ ಕೂತು ಚರಂಡಿ, ಪಾರ್ಕಿಂಗ್, ಕಸದ ಗಾಡಿ ಬಗ್ಗೆ ಮಾತಾಡಿ. ಧರ್ಮದ ಮಾತು ಆಡಬೇಕಿಲ್ಲ. ಫೋನ್ ನಂಬರಿನ ಪಟ್ಟಿ ಕಾಗದದಲ್ಲಿ ಎಲ್ಲರ ಗಲ್ಲಾಪೆಟ್ಟಿಗೆಯಲ್ಲಿರಲಿ, ಇಂಟರ್ನೆಟ್ ನಿಂತರೂ ಕೆಲಸಕ್ಕೆ ಬರುತ್ತದೆ.

ಗಾಳಿಸುದ್ದಿ ಬಂದಾಗ ಹೀಗೆ ಮಾಡಿ. ವಿಡಿಯೊ ಆದರೆ ವಾಹನದ ನಂಬರ್ ಪ್ಲೇಟ್, ಬೋರ್ಡಿನ ಭಾಷೆ, ಬಿಸಿಲೋ ಮಳೆಯೋ ನೋಡಿ. ಡಿಸೆಂಬರ್‌ನ ಚಿಕ್ಕಮಗಳೂರು ಎಂದು ಬಂದ ವಿಡಿಯೊದಲ್ಲಿ ಜಡಿಮಳೆ ಇದ್ದರೆ ಅನುಮಾನಪಡಿ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಹಳೇ ಚಿತ್ರವಾದರೆ ಬಹಳ ಸಲ ಸಿಕ್ಕಿಬೀಳುತ್ತದೆ. ಆಮೇಲೆ ಜಾಗಕ್ಕೆ ಹತ್ತಿರ ಇರುವ ಇಬ್ಬರಿಗೆ ಫೋನ್ ಮಾಡಿ, ಒಬ್ಬರು ಆ ಕಡೆಯವರು, ಒಬ್ಬರು ಈ ಕಡೆಯವರು. ನಿಜವಾಗಿ ಏನೋ ನಡೆಯುತ್ತಿದ್ದರೆ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ. ಸುಳ್ಳಾದರೆ ಆ ವಿಡಿಯೊವನ್ನು ‘ಇದು ಸುಳ್ಳು’ ಎಂದು ಬರೆದು ಮತ್ತೆ ಹಂಚಬೇಡಿ, ಬರಹ ಉದುರಿ ವಿಡಿಯೊ ಮಾತ್ರ ಮುಂದೆ ಹೋಗುತ್ತದೆ. ಊರಿಗೆ ಗುರುತಿನ ದನಿಯಲ್ಲಿ ಅರ್ಧ ನಿಮಿಷದ ಆಡಿಯೊ ಮಾಡಿ: ‘ನಾನು ಇಂಥವನು, ಈಗಷ್ಟೇ ಅಲ್ಲೇ ಇದ್ದೀನಿ, ಅಂಗಡಿಗಳೆಲ್ಲ ತೆಗೆದಿವೆ.’ ಹೊತ್ತು ಎಷ್ಟು ಎಂದು ಹೇಳುವುದು ಮರೆಯಬೇಡಿ.

ಪ್ರಶ್ನೆ: ಅರಕಲಗೂಡು ತಾಲ್ಲೂಕಿನ ಪಂಚಾಯಿತಿ ಸದಸ್ಯೆ. ಗ್ರಾಮಸಭೆ ಎಂದರೆ ಎರಡು ಪಕ್ಷದವರ ಕೂಗಾಟ. ಹೆಂಗಸರು ಬರುವುದನ್ನೇ ಬಿಟ್ಟಿದ್ದಾರೆ.

ಉತ್ತರ: ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ. ಆದರೂ ಕೂಗಾಟ ಬರುವುದು ಬಹುಮಟ್ಟಿಗೆ ಒಂದೇ ವಿಷಯದಿಂದ, ವಸತಿ ಯೋಜನೆಯ ಫಲಾನುಭವಿ ಪಟ್ಟಿ. ಮನೆ ಕಡಿಮೆ, ಕೇಳುವವರು ಹೆಚ್ಚು, ಪಟ್ಟಿಯನ್ನು ಸಭೆಯಲ್ಲೇ ಮೊದಲ ಸಲ ಗಡಿಬಿಡಿಯಲ್ಲಿ ಓದುತ್ತಾರೆ. ಅರ್ಜಿದಾರರ ಹೆಸರು, ಆಯ್ಕೆಯ ಕಾರಣ, ಬಿಟ್ಟವರ ಹೆಸರು, ಬಿಟ್ಟ ಕಾರಣ ಎಲ್ಲವನ್ನೂ ಏಳು ದಿನ ಮುಂಚೆ ಪಂಚಾಯಿತಿ, ಡೈರಿ, ಅಂಗನವಾಡಿ ಗೋಡೆಗೆ ಅಂಟಿಸಿ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ವಾರ್ಡ್ ಸಭೆಯನ್ನು ಕಾಗದದ ಮೇಲೆ ಮುಗಿಸಬೇಡಿ, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಸಭೆ ದಿನ ಮೊದಲು ಹಿಂದಿನ ಸಭೆಯ ಅನುಪಾಲನಾ ವರದಿ, ಅಂದರೆ ಆಗ ತೀರ್ಮಾನಿಸಿದ್ದು ಏನಾಯಿತು ಎಂಬ ಲೆಕ್ಕ. ಆಮೇಲೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ, ಬರೆಯಲು ಬಾರದವರಿಗೆ ಆಶಾ ಕಾರ್ಯಕರ್ತೆ ಬರೆದುಕೊಡಲಿ. ಚೀಟಿಯಲ್ಲಿ ಹೆಸರಿರಲಿ, ಪಕ್ಷ ಬೇಡ. ನೋಡಲ್ ಅಧಿಕಾರಿ ಒಂದೊಂದೇ ಓದಿ ಪಿಡಿಒ ಉತ್ತರಿಸಲಿ, ಒಬ್ಬರಿಗೆ ಮೂರು ನಿಮಿಷ. ಮೈಕ್ ಒಂದೇ ಇರಲಿ, ಅದೂ ವೇದಿಕೆ ಕೆಳಗೆ, ಹೆಂಗಸರು ಕೂರುವ ಕಡೆ. ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವವರು ಬರುವುದಿಲ್ಲ, ಸಂಜೆ ಹಾಲು ಹಾಕುವ ಹೊತ್ತಿಗೆ ಇಟ್ಟರೂ ಬರುವುದಿಲ್ಲ. ಮಧ್ಯಾಹ್ನ ಎರಡೂವರೆಗೆ ಶುರು ಮಾಡಿ ನಾಲ್ಕೂವರೆಗೆ ಮುಗಿಸಿ, ಸಂತೆ ದಿನ ಬಿಟ್ಟು.